ಆರು ತಿಂಗಳಿಗೊಂದು ಜಾವಾ

ನಾವು ಆರು ಜನ, ಜಾವಾ ಬರೆದು ಹೊಟ್ಟೆ ಹೊರೆಯೋರು. ಬೆಂಗಳೂರಿನ ಬೇರೆ ಬೇರೆ ಕಂಪನಿಗಳಲ್ಲಿ ಇಬ್ಬರು ಖಾಯಂ, ನಾಲ್ವರು ಗುತ್ತಿಗೆ ಮೇಲೆ. ಊರಿಗೆ ಹೋದಾಗ 'ಏನ್ ಕೆಲಸ ಮಾಡ್ತೀರಪ್ಪ' ಅಂತ ಕೇಳಿದವರಿಗೆ 'ಜಾವಾ' ಅಂದರೆ ಮೈಸೂರು ಸೀಮೆಯ ಹಿರಿಯರಿಗೆ ಮೋಟರ್ ಸೈಕಲ್ಲೇ ನೆನಪಾಗೋದು. ಅವರ ನೆನಪು ಸುಳ್ಳೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕ್ಕೊಂಡಿತು. ಅದೇ 1996ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ತನ್ನ ಜಾವಾದ ಮೊದಲನೇ ಆವೃತ್ತಿಯನ್ನ ಜನರ ಕೈಗೆ ಕೊಟ್ಟಿತು. ಒಂದು ಜಾವಾ ನಿಂತ ವರ್ಷ ಇನ್ನೊಂದು ಜಾವಾ ಹೊರಟಿತು. ಆ ಕಾರ್ಖಾನೆಯ ಗೇಟಿನ ಮುಂದೆ ಕೆಲಸ ಕಳಕೊಂಡು ನಿಂತವರ ಮಕ್ಕಳೂ ಮುಂದೆ ಈ ಜಾವಾ ಕಲಿತಿರಬಹುದು.

ಈ ಜಾವಾ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. 1991ರಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವನ ಜೊತೆಗಾರರು ಇದನ್ನ ಕಟ್ಟೋಕೆ ಶುರು ಮಾಡಿದಾಗ ಇಟ್ಟ ಹೆಸರು ಓಕ್. ಅದು ಒಂದು ಮರದ ಹೆಸರು. ಆ ಹೆಸರನ್ನ ಆಗಲೇ ಇನ್ಯಾರೋ ನೋಂದಾಯಿಸಿಕೊಂಡಿದ್ದರಿಂದ ಕಾಫಿಯ ಹೆಸರು ಹಿಡಿದರು. ಇಂಡೋನೇಷ್ಯಾದ ಜಾವಾ ದ್ವೀಪದ ಕಾಫಿ. ಬಾಬಾಬುಡನ್‌ಗಿರಿಯ ಹೆಸರು ಅವರಿಗೆ ಗೊತ್ತಿರಲಿಲ್ಲ ಅಂತ ಕಾಣ್ತದೆ, ಇರಲಿ. 1995ರ ಮೇ ತಿಂಗಳಲ್ಲಿ ಅದನ್ನ ಲೋಕಕ್ಕೆ ತೋರಿಸಿದರು.

ಇದರ ಗುಟ್ಟು ಇಷ್ಟೆ. ಒಂದೊಂದು ಥರದ ಕಂಪ್ಯೂಟರಿಗೆ ಒಂದೊಂದು ಯಂತ್ರಭಾಷೆ. ಒಂದಕ್ಕೆ ಬರೆದ ಪ್ರೋಗ್ರಾಮು ಇನ್ನೊಂದರಲ್ಲಿ ಓಡೋದಿಲ್ಲ. ಜಾವಾದಲ್ಲಿ ಬರೆದದ್ದು ನೇರವಾಗಿ ಯಾವ ಯಂತ್ರದ ಭಾಷೆಗೂ ಹೋಗೋದಿಲ್ಲ, ಬೈಟ್‌ಕೋಡ್ ಅನ್ನೋ ಒಂದು ನಡುಭಾಷೆಗೆ ಇಳಿಯುತ್ತದೆ. ಆ ನಡುಭಾಷೆಯನ್ನ ಓದಿ ಓಡಿಸೋಕೆ ಪ್ರತಿ ಯಂತ್ರದಲ್ಲೂ ಒಬ್ಬ ದುಭಾಷಿ ಕೂತಿರ್ತಾನೆ. ಅವನಿಗೆ ಜೆವಿಎಂ ಅಂತ ಹೆಸರು. ಒಂದು ಸಲ ಬರೆದರೆ ಸಾಕು, ಎಲ್ಲಿ ಬೇಕಾದರೂ ಓಡುತ್ತೆ ಅಂತ ಸನ್ ಕಂಪನಿಯವರು ಸಾರಿದ್ದು ಇದನ್ನೇ. ಬ್ಯಾಂಕು, ವಿಮೆ, ರೈಲು ಟಿಕೆಟ್ಟು, ಫೋನಿನ ಬಿಲ್ಲು, ಹೀಗೆ ದೊಡ್ಡ ದೊಡ್ಡ ಲೆಕ್ಕ ನಡೆಸೋ ಕಂಪನಿಗಳು ಪ್ರಪಂಚದಾದ್ಯಂತ ಇದಕ್ಕೆ ಬಿದ್ದವು. ಆ ಲೆಕ್ಕದ ರಿಪೇರಿ ಕೆಲಸ ಬೆಂಗಳೂರಿಗೆ ಬಂತು. ನಾವು ಮಾಡೋದು ಅದನ್ನೇ. ಹೊಸ ಮನೆ ಕಟ್ಟೋರಲ್ಲ ನಾವು, ಹಳೆ ಮನೆ ಸೋರದ ಹಾಗೆ ನೋಡಿಕೊಳ್ಳೋರು.

ಸೋರದ ಹಾಗೆ ನೋಡಿಕೊಳ್ಳೋರಿಗೆ ಮಳೆ ಯಾವಾಗ ಬರ್ತದೆ ಅಂತ ಗೊತ್ತಿರಬೇಕು. ಮೇಷ್ಟ್ರುಗಳೇ, ನಿಮಗೆ ಪಠ್ಯ ಬದಲಾದರೆ ಇಲಾಖೆ ಸುತ್ತೋಲೆ ಕಳಿಸ್ತದೆ, ಒಂದು ತರಬೇತಿ ಇಡ್ತದೆ, ಟಿಎ ಡಿಎ ಕೊಡ್ತದೆ. ನಮಗೆ ಯಾವ ಸುತ್ತೋಲೆಯೂ ಬರೋದಿಲ್ಲ. ಪಠ್ಯ ಬದಲಾಗಿದೆ ಅನ್ನೋದು ನಮಗೆ ಗೊತ್ತಾಗೋದು ಇಂಟರ್‌ವ್ಯೂನಲ್ಲಿ ಕೂತಾಗ. ಎದುರಿಗೆ ಕೂತವನು 'ವರ್ಚುಯಲ್ ಥ್ರೆಡ್ ಬಗ್ಗೆ ಹೇಳಿ' ಅಂತಾನೆ. ನಾವು ಐದು ವರ್ಷದಿಂದ ದುಡೀತಾ ಇರೋದು 2014ರ ಜಾವಾ 8ರಲ್ಲಿ. ಕಂಪನಿ ಹೊಸದಕ್ಕೆ ಹೋಗೋದಿಲ್ಲ, ನಮ್ಮನ್ನ ಹಳೆಯದರಲ್ಲೇ ಕಟ್ಟಿ ಹಾಕ್ತದೆ. ಗುತ್ತಿಗೆ ಮುಗಿದ ದಿನ, ಹೊಸದು ಬರೋದಿಲ್ಲ ಅಂತ ಹೊರಗೆ ಕಳಿಸ್ತದೆ. ಎರಡೂ ಒಂದೇ ಕೈ ಮಾಡೋ ಕೆಲಸ. ನಮ್ಮಲ್ಲಿ ಒಬ್ಬನಿಗೆ ಹೀಗೇ ಆಯಿತು, ನಾಲ್ಕು ತಿಂಗಳು ಸಂಬಳ ಇಲ್ಲ. ಅವನು ಕೆಲಸದಲ್ಲಿದ್ದ ಕಂಪನಿಯ ಹೆಸರು ಇಲ್ಲಿ ಬೇಡ. ಎಲ್ಲಾ ಕಡೆ ಇದೇ ಕಥೆ.

ಅಂದಿನಿಂದ ನಾವು ಸುದ್ದಿಯನ್ನ ಕೂಲಿಯ ಒಂದು ಭಾಗ ಅಂತಲೇ ಲೆಕ್ಕ ಹಾಕ್ತೀವಿ. ಹಾಸ್ಟೆಲ್ಲಿನಲ್ಲಿ ನಲವತ್ತು ಹುಡುಗರಿಗೆ ಒಂದೇ ಪೇಪರು ಬರ್ತಿತ್ತು. ಒಬ್ಬ ಗಟ್ಟಿಯಾಗಿ ಓದೋನು, ಉಳಿದವರು ಕೇಳೋರು, ನಡುವೆ ಜಗಳ. ಅದೇ ರೀತಿ ಈಗ ಭಾನುವಾರ ಒಬ್ಬರ ರೂಮಿನಲ್ಲಿ ಸೇರ್ತೀವಿ. ಕೆಲಸ ಹಂಚಿಕೊಂಡಿದ್ದೀವಿ. ಒಬ್ಬಳಿಗೆ ಭದ್ರತೆಯ ಸುದ್ದಿ. ಒರೇಕಲ್ ಕಂಪನಿ ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಲ್ಲಿ ತೂತು ಮುಚ್ಚುವ ತೇಪೆಗಳನ್ನ ಬಿಡ್ತದೆ, ಅದನ್ನ ಅವಳು ನೋಡಬೇಕು. ಇನ್ನೊಬ್ಬನಿಗೆ ಸ್ಪ್ರಿಂಗ್. ಜಾವಾದ ಮೇಲೆ ಕಟ್ಟಿದ ಅಟ್ಟಣಿಗೆ ಅದು, ನಮ್ಮ ಮುಕ್ಕಾಲು ಕೆಲಸ ಅದರ ಮೇಲೇ ನಡೆಯೋದು. ಉಳಿದವರು ಭಾಷೆಯಲ್ಲಿ ಏನು ಬದಲಾಯ್ತು ಅಂತ ಓದ್ತಾರೆ. ಓದೋದು ಇಂಗ್ಲಿಷಿನಲ್ಲಿ, ಹೇಳೋದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ತಲೆ ಆಡಿಸಿ ಬಿಡಬಹುದು, ಅರ್ಥ ಆಗದಿದ್ದರೂ ನಡೀತದೆ. ಅದನ್ನೇ ಕನ್ನಡದಲ್ಲಿ ಹೇಳೋಕೆ ಹೋದರೆ ಅರ್ಥ ಆಗದಿದ್ದದ್ದು ಅಲ್ಲೇ ಸಿಕ್ಕಿ ಬೀಳ್ತದೆ.

ಮೊದಲು ಈ ಸುದ್ದಿಗೆ ಅವಸರ ಇರಲಿಲ್ಲ. ಜಾವಾ 6 ಬಂದದ್ದು 2006ರ ಕೊನೆಗೆ, ಜಾವಾ 7 ಬಂದದ್ದು 2011ರಲ್ಲಿ. ನಡುವೆ ನಾಲ್ಕೂವರೆ ವರ್ಷ. ಒಂದು ಸಲ ಕಲಿತರೆ ಒಂದು ಚುನಾವಣೆಯಿಂದ ಇನ್ನೊಂದು ಚುನಾವಣೆ ತನಕ ಬರ್ತಿತ್ತು. 2017ರ ಸೆಪ್ಟೆಂಬರಿನಲ್ಲಿ ಜಾವಾ 9 ಬಂದ ಮೇಲೆ ಪದ್ಧತಿ ಬದಲಾಯಿತು. ಆರು ತಿಂಗಳಿಗೊಂದು, ಮಾರ್ಚಿಗೊಂದು ಸೆಪ್ಟೆಂಬರಿಗೊಂದು. ಮುಂಗಾರು ಹಿಂಗಾರು ಎರಡು ಫಸಲಿನ ಹಾಗೆ. ತಯಾರಾದದ್ದು ಬಂಡಿ ಹತ್ತುತ್ತದೆ, ತಯಾರಾಗದ್ದು ಮುಂದಿನ ಬಂಡಿಗೆ ಕಾಯುತ್ತದೆ. ಎಲ್ಲಾ ಫಸಲನ್ನೂ ಮನೆಗೆ ತರೋಕಾಗಲ್ಲ. ಕೆಲವಕ್ಕೆ ಮಾತ್ರ ಬಹಳ ವರ್ಷ ತೇಪೆ ಹಾಕ್ತೀವಿ ಅಂತ ಮಾತು ಕೊಡ್ತಾರೆ: 2018ರ ಜಾವಾ 11, 2021ರ 17, 2023ರ 21, 2025ರ 25. ಕಂಪನಿಗಳು ಕಾಲಿಡೋದು ಈ ಕಲ್ಲುಗಳ ಮೇಲೆ ಮಾತ್ರ. ನಡುವಿನವು ಹರಿದು ಹೋಗೋ ನೀರು.

ಈ ಸುದ್ದಿಯಲ್ಲಿ ನಮಗೆ ಹಿಡಿಸಿದ್ದು ಜೆಇಪಿ ಅನ್ನೋ ಅರ್ಜಿಗಳು. ಜಾವಾದಲ್ಲಿ ದೊಡ್ಡದೇನಾದರೂ ಬದಲಾಗಬೇಕಾದರೆ ಅದಕ್ಕೊಂದು ನಂಬರಿನ ಅರ್ಜಿ ಬರೀಬೇಕು. ಯಾಕೆ ಬೇಕು, ಹೇಗೆ ಮಾಡ್ತೀವಿ, ಬೇರೆ ದಾರಿ ಯಾವುದಿತ್ತು, ಅದನ್ನ ಯಾಕೆ ಬಿಟ್ಟೆವು, ಅಪಾಯ ಏನು, ಎಲ್ಲಾ ಬರೆದು ಎಲ್ಲರ ಕಣ್ಣಿಗೆ ಬೀಳೋ ಹಾಗೆ ಇಡಬೇಕು. ಅದರಲ್ಲಿ 'ಇದು ನಮ್ಮ ಗುರಿ ಅಲ್ಲ' ಅನ್ನೋ ಒಂದು ಭಾಗ ಇರ್ತದೆ. ನಾವು ಮೊದಲು ಓದೋದು ಅದನ್ನ. ಏನು ಮಾಡೋದಿಲ್ಲ ಅಂತ ಮೊದಲೇ ಬರೆದಿಡೋ ಸರ್ಕಾರ ನಾವು ನೋಡಿಲ್ಲ.

ಅರ್ಜಿ ಬಂದ ಮಾತ್ರಕ್ಕೆ ಕೆಲಸ ಆಯಿತು ಅಂತಲ್ಲ. ಅಕ್ಷರದ ಸಾಲಿನ ನಡುವೆ ಲೆಕ್ಕದ ಬೆಲೆಯನ್ನ ಸಲೀಸಾಗಿ ಸೇರಿಸೋ ಒಂದು ಸೌಕರ್ಯ, ಸ್ಟ್ರಿಂಗ್ ಟೆಂಪ್ಲೇಟ್ ಅಂತ, 2023ರ ಜಾವಾ 21ರಲ್ಲಿ ಪರೀಕ್ಷೆಗೆ ಬಂತು. 22ರಲ್ಲೂ ಇತ್ತು. ಯೂಟ್ಯೂಬಿನಲ್ಲಿ ಪಾಠ ಬಂದವು, ಕೋಚಿಂಗ್ ಅಂಗಡಿಗಳು ನೋಟ್ಸು ಮಾರಿದವು. 2024ರ ಸೆಪ್ಟೆಂಬರಿನ ಜಾವಾ 23ರಲ್ಲಿ ಅದನ್ನ ತೆಗೆದೇ ಹಾಕಿದರು. ರೂಪ ಸರಿ ಬಂದಿಲ್ಲ, ಮತ್ತೆ ಯೋಚನೆ ಮಾಡ್ತೀವಿ ಅಂದರು. ಇದನ್ನ ನಾವು ದೂರು ಅಂತ ಹೇಳ್ತಿಲ್ಲ. ಸರಿಯಿಲ್ಲದ್ದನ್ನ ವಾಪಸು ತಗೊಳ್ಳೋ ಧೈರ್ಯ ದೊಡ್ಡದು. ಆದರೆ ದುಡ್ಡು ಕೊಟ್ಟು ಆ ನೋಟ್ಸು ಕೊಂಡ ಹುಡುಗರಿಗೆ ಈ ಸುದ್ದಿ ಯಾರು ತಲುಪಿಸಬೇಕು? ಬಂದ ಸುದ್ದಿಗೆ ಡಂಗುರ ಇದೆ, ಹೋದ ಸುದ್ದಿಗೆ ಇಲ್ಲ.

ಆ ವರ್ಚುಯಲ್ ಥ್ರೆಡ್ಡಿನ ಕಥೆಯೂ ಹೀಗೇ. ಒಂದು ಪ್ರೋಗ್ರಾಮಿನಲ್ಲಿ ಒಂದೇ ಕಾಲಕ್ಕೆ ಹತ್ತು ಕೆಲಸ ನಡೀಬೇಕಾದರೆ ಹತ್ತು ಥ್ರೆಡ್ಡು ಬೇಕು. ಥ್ರೆಡ್ಡು ಅಂದರೆ ಒಬ್ಬ ಆಳು ಅನ್ನಿ. ಹಳೇ ಪದ್ಧತಿಯಲ್ಲಿ ಪ್ರತಿ ಆಳಿಗೂ ಆಪರೇಟಿಂಗ್ ಸಿಸ್ಟಮ್ ಬೇರೆ ಜಾಗ ಬಿಡಬೇಕು, ಕೆಲವು ಸಾವಿರ ಆಳಾದರೆ ಯಂತ್ರ ಬಸವಳೀತದೆ. ಆ ಆಳುಗಳಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕಾಯ್ತಾ ನಿಂತಿರ್ತಾರೆ, ಬ್ಯಾಂಕಿನ ಉತ್ತರ ಬರಲಿ ಅಂತ, ಡಿಸ್ಕು ತಿರುಗಲಿ ಅಂತ. ಜಾವಾ 21 ಏನು ಮಾಡ್ತು ಅಂದರೆ, ಕಾಯೋನನ್ನ ಪಕ್ಕಕ್ಕೆ ಕೂರಿಸಿ ಅವನ ಗುದ್ದಲಿಯನ್ನ ಇನ್ನೊಬ್ಬನ ಕೈಗೆ ಕೊಡ್ತು. ಈಗ ಲಕ್ಷ ಆಳಾದರೂ ತಡೀತದೆ. ಆದರೆ ಸಿಂಕ್ರನೈಸ್ಡ್ ಅನ್ನೋ ಬೀಗ ಹಾಕಿದ ಕೋಣೆಯೊಳಗೆ ಕಾಯ್ತಾ ಕೂತರೆ ಗುದ್ದಲಿ ಕೈ ಬಿಡ್ತಿರಲಿಲ್ಲ. ಹಂಗಾಗಿ ಆ ಬೀಗ ಬಿಡಿ, ಬೇರೆ ಬೀಗ ಹಾಕಿ ಅಂತ 2023ರಲ್ಲಿ ಎಲ್ಲರೂ ಹೇಳಿದರು. 2025ರ ಮಾರ್ಚಿನಲ್ಲಿ ಬಂದ ಜಾವಾ 24ರಲ್ಲಿ 491ನೇ ನಂಬರಿನ ಅರ್ಜಿ ಆ ತೊಂದರೆಯನ್ನ ಹೆಚ್ಚುಕಮ್ಮಿ ತೆಗೆದುಹಾಕಿತು. ಒಂದೂವರೆ ವರ್ಷದಲ್ಲಿ ಬುದ್ಧಿಮಾತು ಹಳಸಿತು. ಈಗ ಪ್ರಶ್ನೆ ಕೇಳಿದರೆ ಕೋಡು ಬರೆದುಕೊಡೋ ಯಂತ್ರಗಳೂ ಬಂದಿವೆಯಲ್ಲ, ಅವೂ ಎಷ್ಟೋ ಸಲ ಹಳಸಿದ್ದನ್ನೇ ಬಡಿಸ್ತವೆ. ಬಿಸಿ ಮಾಡಿ ಬಡಿಸೋದರಿಂದ ಗೊತ್ತಾಗೋದಿಲ್ಲ ಅಷ್ಟೆ.

ಇನ್ನು ಒಡೆತನದ ಮಾತು. ಜಾವಾ ಯಾರದು? ಬಹಳ ಜನ ಜಾವಾ ಎಲ್ಲರದು ಅಂತಾರೆ. ಅರ್ಧ ನಿಜ. 2006ರ ನವೆಂಬರಿನಲ್ಲಿ ಸನ್ ಕಂಪನಿ ಜಾವಾದ ಮೂಲವನ್ನ ಎಲ್ಲರಿಗೂ ಬಿಟ್ಟುಕೊಡ್ತೀವಿ ಅಂತ ಸಾರಿತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ತಿದ್ದಿ ಹಂಚಿದ್ದನ್ನ ಮುಚ್ಚಿಡೋ ಹಾಗಿಲ್ಲ ಅನ್ನೋ ಷರತ್ತಿನ ಮೇಲೆ. ಓಪನ್‌ಜೆಡಿಕೆ ಹುಟ್ಟಿದ್ದು ಹಾಗೆ. 2010ರ ಜನವರಿಯಲ್ಲಿ ಒರೇಕಲ್ ಕಂಪನಿ ಸನ್ ಕಂಪನಿಯನ್ನೇ ಕೊಂಡುಕೊಂಡಿತು. ಏಪ್ರಿಲ್ ಹೊತ್ತಿಗೆ ಗಾಸ್ಲಿಂಗ್ ಕೆಲಸ ಬಿಟ್ಟು ಹೊರಟ. ಆಗಸ್ಟಿನಲ್ಲಿ ಒರೇಕಲ್ಲು ಗೂಗಲ್ ಮೇಲೆ ಕೇಸು ಹಾಕಿತು, ಆಂಡ್ರಾಯ್ಡಿನಲ್ಲಿ ನಮ್ಮ ಜಾವಾದ ಸಾಲುಗಳನ್ನ ಬಳಸಿದ್ದೀರಿ ಅಂತ. ವರ್ಷದ ಕೊನೆಗೆ, ಡಿಸೆಂಬರಿನಲ್ಲಿ, ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಜಾವಾದ ಆಡಳಿತ ಸಮಿತಿಗೆ ರಾಜೀನಾಮೆ ಕೊಟ್ಟು ಎದ್ದು ಬಂತು. ಅವರು ತಾವೇ ಒಂದು ಜಾವಾ ಕಟ್ಟಿದ್ದರು, ಹಾರ್ಮನಿ ಅಂತ. ಅದು ಜಾವಾ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡೋ ಪ್ರಶ್ನೆಪತ್ರಿಕೆಯನ್ನ ಒಪ್ಪೋ ಷರತ್ತಿನ ಮೇಲೆ ಅವರಿಗೆ ಕೊಡಲೇ ಇಲ್ಲ. ಎಲ್ಲರದು ಅಂತ ಹೆಸರು, ಬೀಗದ ಕೈ ಒಬ್ಬರ ಸೊಂಟದಲ್ಲಿ.

ಆ ಗೂಗಲ್ ಕೇಸು ಸುಮಾರು ಹನ್ನೊಂದು ವರ್ಷ ನಡೀತು. 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು ಆರಕ್ಕೆ ಎರಡರ ಬಹುಮತದಲ್ಲಿ ಗೂಗಲ್ ಪರ ತೀರ್ಪು ಕೊಟ್ಟಿತು. ನಕಲಾದ ಸುಮಾರು 11,500 ಸಾಲುಗಳ ಬಳಕೆ ನ್ಯಾಯವಾದದ್ದೇ ಅಂತ. ಎರಡು ಆನೆಗಳ ಕಾಳಗ ಅಂತ ನಾವು ಸುಮ್ಮನಿರಬಹುದಿತ್ತು. ಆದರೆ ಅದರಲ್ಲಿ ನಮ್ಮ ಪಾಲೂ ಇತ್ತು. ಆ ಸಾಲುಗಳು ಬಾಗಿಲಿನ ಮೇಲೆ ಬರೆದ ಹೆಸರುಗಳ ಹಾಗೆ. ಒಳಗಿನ ಕೆಲಸ ಗೂಗಲ್‌ನವರು ತಾವೇ ಬರೆದುಕೊಂಡಿದ್ದರು, ಬಾಗಿಲಿನ ಹೆಸರು ಮಾತ್ರ ಹಾಗೇ ಇಟ್ಟಿದ್ದರು, ಜಾವಾ ಕಲಿತವರು ದಾರಿ ತಪ್ಪದಿರಲಿ ಅಂತ. ಹೆಸರಿಗೂ ಬಾಡಿಗೆ ಕೊಡಬೇಕು ಅಂತ ಆಗಿದ್ದರೆ, ನಾವು ಕಷ್ಟಪಟ್ಟು ಕಲಿತ ವಿದ್ಯೆ ಒಂದು ಕಂಪನಿಯ ಹೊಲದಲ್ಲಿ ಮಾತ್ರ ಉಳೋ ವಿದ್ಯೆ ಆಗಿಬಿಡ್ತಿತ್ತು.

ಹೆಸರಿನ ಜಗಳ ಇನ್ನೊಂದು ಕಡೆಯಿಂದ ನಮ್ಮ ಕೈಗೇ ಬಂತು. ದೊಡ್ಡ ಕಂಪನಿಗಳ ವ್ಯವಹಾರಕ್ಕೆ ಅಂತ ಇದ್ದ ಜಾವಾ ಇಇ ಅನ್ನೋ ಭಾಗವನ್ನ ಒರೇಕಲ್ಲು 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್ನಿಗೆ ಕೊಟ್ಟುಬಿಡ್ತೀವಿ ಅಂತು. ಮನೆ ಕೊಟ್ಟರು, ಮನೆಯ ಹೆಸರು ಕೊಡಲಿಲ್ಲ. ಜಾವಾ ಅನ್ನೋ ಪದ ನಮ್ಮ ಟ್ರೇಡ್‌ಮಾರ್ಕು ಅಂದರು. 2018ರಲ್ಲಿ ಅದಕ್ಕೆ ಜಕಾರ್ತಾ ಇಇ ಅಂತ ಹೊಸ ಹೆಸರಾಯಿತು. ಜಾವಾ ದ್ವೀಪದಲ್ಲೇ ಇರೋ ಊರು ಜಕಾರ್ತಾ, ಜಾಣತನವೇ. ಅಷ್ಟಕ್ಕೇ ನಿಂತಿದ್ದರೆ ನಮಗೇನೂ ಇರಲಿಲ್ಲ. ಪ್ರೋಗ್ರಾಮಿನ ಒಳಗೆ 'ಜಾವಾಎಕ್ಸ್' ಅಂತ ಶುರುವಾಗೋ ಹೆಸರುಗಳಿದ್ದವಲ್ಲ, ಅವನ್ನಿಟ್ಟುಕೊಂಡು ಹೊಸದೇನನ್ನೂ ಬೆಳೆಸೋ ಹಾಗಿಲ್ಲ ಅಂತಾಯಿತು. 2020ರ ಡಿಸೆಂಬರಿನ ಜಕಾರ್ತಾ ಇಇ 9ರಲ್ಲಿ ಅವೆಲ್ಲ 'ಜಕಾರ್ತಾ' ಅಂತ ಬದಲಾದವು. 2022ರ ನವೆಂಬರಿನಲ್ಲಿ ಬಂದ ಸ್ಪ್ರಿಂಗ್ ಬೂಟ್ 3, ಜಾವಾ 17 ಇಲ್ಲದಿದ್ದರೆ, ಹೊಸ ಹೆಸರಿಲ್ಲದಿದ್ದರೆ ಒಳಗೆ ಬಿಡೋದಿಲ್ಲ ಅಂತು.

ವಕೀಲರು ಎಲ್ಲೋ ಒಂದು ಕೋಣೆಯಲ್ಲಿ ಒಪ್ಪಲಿಲ್ಲ. ಅದರ ಫಲವಾಗಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಟ್ಟಡಗಳಲ್ಲಿ ರಾತ್ರಿ ಹತ್ತು ಗಂಟೆಗೆ ದೀಪ ಉರೀತಿದ್ದವು. ಸಾವಿರಾರು ಫೈಲುಗಳಲ್ಲಿ ಒಂದು ಪದ ತೆಗೆದು ಇನ್ನೊಂದು ಪದ ಹಾಕೋದು. ಕಣ್ಣು ಮುಚ್ಚಿ ಎಲ್ಲವನ್ನೂ ಬದಲಾಯಿಸೋ ಹಾಗೂ ಇಲ್ಲ. ಡೇಟಾಬೇಸಿಗೆ ಸಂಬಂಧಪಟ್ಟ ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್, ಗುಪ್ತಲಿಪಿಯ ಜಾವಾಎಕ್ಸ್ ಡಾಟ್ ಕ್ರಿಪ್ಟೋ, ಇವು ಮೂಲ ಜಾವಾದೊಳಗೇ ಇರೋವು, ಅವು ಹಳೆ ಹೆಸರಲ್ಲೇ ಉಳೀಬೇಕು. ಇದನ್ನ ಮೊದಲೇ ಓದಿ ತಿಳಿದಿದ್ದರಿಂದ ನಮ್ಮ ಇಬ್ಬರು ಗೆಳೆಯರ ಒಂದೊಂದು ವಾರ ಉಳೀತು. ಸುದ್ದಿಗೆ ಬೆಲೆ ಕಟ್ಟೋದಾದರೆ ಹೀಗೆ ಕಟ್ಟಬೇಕು, ಉಳಿದ ರಾತ್ರಿಗಳ ಲೆಕ್ಕದಲ್ಲಿ.

ದುಡ್ಡಿನ ಲೆಕ್ಕವೂ ಇದೆ. 2018ರ ಜಾವಾ 11ರಿಂದ ಒರೇಕಲ್ ತಾನು ಕಟ್ಟಿಕೊಡೋ ಜಾವಾವನ್ನ ವ್ಯಾಪಾರಕ್ಕೆ ಬಳಸಿದರೆ ಕಾಸು ಅಂತು. 2021ರ ಜಾವಾ 17ಕ್ಕೆ ಸ್ವಲ್ಪ ಸಡಿಲ ಮಾಡಿತು. 2023ರ ಜನವರಿಯಲ್ಲಿ ಹೊಸ ಲೆಕ್ಕ ತಂದಿತು: ಜಾವಾ ಬಳಸೋ ಜನ ಎಷ್ಟು ಅಂತಲ್ಲ, ಕಂಪನಿಯಲ್ಲಿ ಒಟ್ಟು ನೌಕರರು ಎಷ್ಟು ಅಂತ. ಜಾವಾದ ಮುಖ ನೋಡದ ನೌಕರನ ತಲೆಗೂ ಕಂದಾಯ. ಸಣ್ಣ ಕಂಪನಿಗಳಿಗೆ ತಲೆಗೆ ತಿಂಗಳಿಗೆ 15 ಡಾಲರ್. ತಲೆಗಂದಾಯ ಅನ್ನೋ ಪದ ಇತಿಹಾಸದ ಪುಸ್ತಕದಲ್ಲಿ ಓದಿದ್ದೆವು. ಆದರೆ ಅದೇ ಮೂಲದಿಂದ ಬೇರೆಯವರು ಕಟ್ಟಿದ ಜಾವಾಗಳು ಪುಕ್ಕಟೆ ಸಿಗ್ತವೆ: ಎಕ್ಲಿಪ್ಸಿನವರ ಟೆಮುರಿನ್, ಅಮೆಜಾನಿನ ಕೊರೆಟ್ಟೋ, ಅಜುಲ್ ಕಂಪನಿಯ ಜುಲು. ಮೂಲ ಒಂದೇ, ಪೊಟ್ಟಣ ಬೇರೆ. ಕಾಲೇಜು, ಶಾಲೆ, ಸಂಘ ಸಂಸ್ಥೆ ನಡೆಸೋ ಗೆಳೆಯರು ಇದನ್ನೊಂದು ಬರೆದಿಟ್ಟುಕೊಳ್ಳಿ. ಯಾರಾದರೂ ಬಂದು ಹೆದರಿಸಿದರೆ ಉಪಯೋಗಕ್ಕೆ ಬರ್ತದೆ.

2021ರ ಡಿಸೆಂಬರ್ ತಿಂಗಳನ್ನ ಹೇಳದೆ ಬಿಟ್ಟರೆ ಈ ಬರಹ ಪೂರ್ತಿ ಆಗೋದಿಲ್ಲ.

ಲಾಗ್‌ಫೋರ್‌ಜೆ ಅಂತ ಒಂದು ಸಣ್ಣ ಸಾಮಾನು. ಪ್ರೋಗ್ರಾಮು ಏನೇನು ಮಾಡ್ತು ಅಂತ ದಿನಚರಿ ಬರೆಯೋದು ಅದರ ಕೆಲಸ. ಇಂಥವರು ಬಂದರು, ಇಂಥದು ಕೇಳಿದರು, ಹೀಗಾಯಿತು ಅಂತ. ಕಚೇರಿಯ ಆವಕ ಜಾವಕ ಪುಸ್ತಕದ ಹಾಗೆ. ಜಾವಾದಲ್ಲಿ ಕಟ್ಟಿದ ಮನೆಗಳಲ್ಲಿ ಇದು ಎಲ್ಲೆಲ್ಲೂ ಇತ್ತು. ಅದಕ್ಕೊಂದು ವಿಚಿತ್ರ ಚಟ. ಬರೆಯೋ ಸಾಲಿನಲ್ಲಿ ಡಾಲರ್ ಗುರುತು ಹಾಕಿ ಕಂಸದೊಳಗೆ 'ಇಂಥ ವಿಳಾಸದಲ್ಲಿ ನೋಡು' ಅಂತ ಇದ್ದರೆ, ಅದು ಸುಮ್ಮನೆ ಬರೆದುಕೊಳ್ಳದೆ ಆ ವಿಳಾಸಕ್ಕೆ ಹೋಗಿ, ಅಲ್ಲಿ ಕೊಟ್ಟದ್ದನ್ನ ತಂದು, ಮನೆಯೊಳಗೇ ಓಡಿಸಿಬಿಡ್ತಿತ್ತು. ಗುಮಾಸ್ತನೊಬ್ಬ ಅರ್ಜಿಯಲ್ಲಿ 'ಖಜಾನೆ ಬೀಗ ತೆಗೆ' ಅಂತ ಬರೆದಿದ್ದನ್ನ ರಿಜಿಸ್ಟರಿಗೆ ಏರಿಸೋ ಬದಲು ಎದ್ದು ಹೋಗಿ ಬೀಗ ತೆಗೆದ ಹಾಗೆ. ಆ ಚಟ 2013ರಿಂದ ಇತ್ತು. ಅಲಿಬಾಬಾ ಕಂಪನಿಯ ಭದ್ರತಾ ತಂಡದ ಚೆನ್ ಝಾವೊಜುನ್ 2021ರ ನವೆಂಬರ್ 24ರಂದು ಅಪಾಚೆಯವರಿಗೆ ಇದನ್ನ ತಿಳಿಸಿದರು. ಡಿಸೆಂಬರ್ 9ಕ್ಕೆ ಲೋಕಕ್ಕೆಲ್ಲ ಗೊತ್ತಾಯಿತು. ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು.

ಮೈನ್‌ಕ್ರಾಫ್ಟ್ ಅನ್ನೋ ಮಕ್ಕಳ ಆಟದಲ್ಲಿ ಮಾತಾಡೋ ಜಾಗದಲ್ಲಿ ಆ ಒಂದು ಸಾಲು ಟೈಪು ಮಾಡಿದರೆ ಸಾಕು, ಆಟ ನಡೆಸೋ ಯಂತ್ರ ಕೈಗೆ ಬರ್ತಿತ್ತು. ಶುಕ್ರವಾರ ಸಂಜೆ ಭದ್ರತೆಯ ಸುದ್ದಿ ನೋಡೋಳು ನಮ್ಮ ಗುಂಪಿಗೆ ಹಾಕಿದ್ದು ಒಂದೇ ಸಾಲು: 'ಊರಿಗೆ ಹೋಗೋರು ಟಿಕೆಟ್ ಕ್ಯಾನ್ಸಲ್ ಮಾಡ್ರೋ.' ಆ ಶನಿವಾರ ಭಾನುವಾರ ನಾವು ಯಾರೂ ಮಲಗಲಿಲ್ಲ. ಲಾಗ್‌ಫೋರ್‌ಜೆ ಎಲ್ಲಿದೆ ಅಂತ ಹುಡುಕೋದೇ ಒಂದು ಕೆಲಸ. ನಾವು ಹಾಕಿದ ಡಬ್ಬಿಯೊಳಗೆ ಬೇರೆಯವರು ಹಾಕಿದ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ, ಆ ಕೊನೇ ಡಬ್ಬಿಯಲ್ಲಿ ಅದು ಕೂತಿರೋದು. ತೇಪೆ ಅಂತ 2.15.0 ಬಂತು. ಸಾಲದು ಅಂತ 2.16.0. ಅದರಲ್ಲೂ ತೊಂದರೆ, 2.17.0. ತಿಂಗಳು ಮುಗಿಯೋದರೊಳಗೆ 2.17.1. ಪ್ರತಿ ಸಲವೂ ಮೊದಲಿನಿಂದ ಶುರು. ನಮ್ಮಲ್ಲೊಬ್ಬನ ಕಡೆ ಇದ್ದದ್ದು ಲಾಗ್‌ಫೋರ್‌ಜೆಯ ಒಂದನೇ ಪೀಳಿಗೆ, 2015ರಲ್ಲೇ ಕೈಬಿಟ್ಟದ್ದು. ಹಳೇದಾದ್ದರಿಂದ ಈ ತೂತು ಅದಕ್ಕಿರಲಿಲ್ಲ. ಅವನ ಮ್ಯಾನೇಜರ್ರು ತಮ್ಮ ದೂರದೃಷ್ಟಿ ಅಂತ ಮೀಟಿಂಗಿನಲ್ಲಿ ಹೇಳಿಕೊಂಡರಂತೆ.

ಗುತ್ತಿಗೆಯ ಮೇಲಿದ್ದ ನಾಲ್ವರಿಗೆ ಆ ರಾತ್ರಿಗಳ ಕೂಲಿ ಬರಲಿಲ್ಲ. ವಾರಾಂತ್ಯದ ಗಂಟೆಗಳಿಗೆ ಮೊದಲೇ ಅನುಮತಿ ತಗೊಂಡಿಲ್ಲ ಅನ್ನೋ ಕಾರಣ ಕೊಟ್ಟರು. ತೂತು ಮೊದಲೇ ಅನುಮತಿ ಕೇಳಿ ಬಂದಿತ್ತೇ? ಆದರೆ ನಮ್ಮ ಸಿಟ್ಟು ಆ ತಿಂಗಳು ಇನ್ನೊಂದು ಕಡೆಗೆ ಹೊರಳಿತು. ಪ್ರಪಂಚದ ದೊಡ್ಡ ದೊಡ್ಡ ಕಂಪನಿಗಳೆಲ್ಲ ನೆಚ್ಚಿಕೊಂಡಿದ್ದ ಆ ಲಾಗ್‌ಫೋರ್‌ಜೆಯನ್ನ ನೋಡಿಕೊಳ್ತಿದ್ದವರು ಬೆರಳೆಣಿಕೆಯ ಜನ. ಬೇರೆ ಕಡೆ ನೌಕರಿ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಪುಕ್ಕಟೆ ದುಡೀತಿದ್ದವರು. ಕೋಟಿಗಟ್ಟಲೆ ಲಾಭ ತಿಂದವರು ಅವರನ್ನೇ ಬೈದರು. ಅವರು ರಾತ್ರಿ ಹಗಲು ತೇಪೆ ಹಾಕ್ತಾ ಇದ್ದರು, ನಾವು ಇಲ್ಲಿ ಆ ತೇಪೆ ಅಂಟಿಸ್ತಾ ಇದ್ದೆವು. ಒಬ್ಬರ ಮುಖ ಒಬ್ಬರು ನೋಡಿಲ್ಲ. ನೋಡಿದ್ದರೆ ಬಹಳ ಮಾತಿರ್ತಿತ್ತು.

ಸಂಘದ ವಿಷಯ. ಜಾವಾ ಬರೆಯೋರ ಸಂಘಗಳು ಊರೂರಲ್ಲಿವೆ. ಬ್ರೆಜಿಲ್ಲಿನ ಸಾವೊ ಪೌಲೊದ ಸೌಜಾವಾ, ಲಂಡನ್ನಿನ ಲಂಡನ್ ಜಾವಾ ಕಮ್ಯುನಿಟಿ, ಇವೆರಡೂ 2011ರ ಚುನಾವಣೆಯಲ್ಲಿ ನಿಂತು ಗೆದ್ದು, ಜಾವಾದ ಆಡಳಿತ ಸಮಿತಿಯಲ್ಲಿ ಐಬಿಎಂ, ಒರೇಕಲ್ಲುಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತವು. ಬಳಸೋರಿಗೂ ಒಂದು ಓಟು. ಈ ಸುದ್ದಿ ಓದಿದ ದಿನ ನಮ್ಮ ರೂಮಿನಲ್ಲಿ ದೊಡ್ಡ ಗಲಾಟೆ. ಇಷ್ಟೊಂದು ಜಾವಾ ಬರೆಯೋ ಬೆಂಗಳೂರು ಆ ಚುನಾವಣೆಗೆ ಯಾಕೆ ನಿಲ್ಲೋದಿಲ್ಲ ಅಂತ ಒಬ್ಬ. ನಿಲ್ಲೋಕೆ ಸಂಜೆ ಆರಕ್ಕೆ ಮನೆಗೆ ಬಿಡೋ ಕಂಪನಿ ಬೇಕಲ್ಲ ಅಂತ ಇನ್ನೊಬ್ಬ. ಜಾವಾಒನ್ ಅನ್ನೋ ಜಾತ್ರೆ 1996ರಿಂದ ಅಮೆರಿಕದಲ್ಲಿ ನಡೀತದೆ. ನಡುವೆ ಹೆಸರು ಬದಲಿಸಿ, 2022ರಲ್ಲಿ ಮತ್ತೆ ಹಳೇ ಹೆಸರಿಗೆ ಬಂತು. ಅಲ್ಲಿಗೆ ಹೋಗೋ ವೀಸಾ ಟಿಕೆಟ್ಟಿನ ಮಾತು ನಮಗಲ್ಲ. ಇಲ್ಲಿ ಸ್ಟಾರ್ ಹೋಟೆಲ್ಲಿನ ಸಭೆಗಳಿಗೂ ಪ್ರವೇಶದ ದುಡ್ಡು ನೋಡಿ ವಾಪಸು ಬಂದಿದ್ದೀವಿ. ಭಾಷಣಗಳ ವಿಡಿಯೋ ಆಮೇಲೆ ಪುಕ್ಕಟೆ ಸಿಗ್ತದೆ. ಊಟ ಮಾತ್ರ ಸಿಗೋದಿಲ್ಲ.

ದೊಡ್ಡ ಜಾತ್ರೆಗಳಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಸುದ್ದಿ ನಮಗೆ ಹಬ್ಬದ ಸುದ್ದಿಯಾಯಿತು. ಜಾವಾ ಮೊದಲಿನಿಂದಲೂ ಅಕ್ಷರಗಳನ್ನ ಯೂನಿಕೋಡಿನಲ್ಲೇ ಇಟ್ಟುಕೊಳ್ತದೆ, ಅದರಲ್ಲಿ ಕನ್ನಡಕ್ಕೂ ಜಾಗ ಇದೆ. ಒಳಗೆ ಏನೂ ತೊಂದರೆ ಇಲ್ಲ. ತೊಂದರೆ ಹೊಸ್ತಿಲಲ್ಲಿ. ಫೈಲಿನಿಂದ ಓದುವಾಗ, ಫೈಲಿಗೆ ಬರೆಯುವಾಗ ಯಾವ ಸಂಕೇತಪದ್ಧತಿ ಅಂತ ಹೇಳದಿದ್ದರೆ ಜಾವಾ ಆ ಯಂತ್ರದ ಪದ್ಧತಿಯನ್ನ ಹಿಡೀತಿತ್ತು. ವಿಂಡೋಸಿನಲ್ಲಿ ಬಹುಮಟ್ಟಿಗೆ ಅದು ಯುರೋಪಿನ ಅಕ್ಷರಗಳ ಪದ್ಧತಿ. ಸಿದ್ದಮ್ಮ ಅಂತ ಬರೆದರೆ ಫೈಲಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಎಂಟು. ಕನ್ನಡ ಗೊತ್ತಿರೋ ಪ್ರತಿ ಜಾವಾ ಕೂಲಿಯೂ ಆ ಎಂಟು ಪ್ರಶ್ನೆಗಳನ್ನ ನೋಡಿದ್ದಾನೆ. 2022ರ ಮಾರ್ಚಿನ ಜಾವಾ 18ರಲ್ಲಿ 400ನೇ ನಂಬರಿನ ಅರ್ಜಿ ಪಾಸಾಗಿ, ಯಾವ ಯಂತ್ರವಾದರೂ ಯುಟಿಎಫ್-8 ಪದ್ಧತಿಯೇ ಅಂತಾಯಿತು. ಆ ಪದ್ಧತಿಯಲ್ಲಿ ಲೋಕದ ಎಲ್ಲಾ ಲಿಪಿಗೂ ಒಂದೇ ಪಂಕ್ತಿ.

ಎಂಟು ಯಾಕೆ ಅಂದರೆ: ಸ, ಗುಡಿಸು, ದ, ವಿರಾಮ, ದ, ಮ, ವಿರಾಮ, ಮ. ನಾವು ಮೂರು ಅಕ್ಷರ ಅಂತ ಎಣಿಸೋದನ್ನ ಜಾವಾ ಎಂಟು ಅಂತ ಎಣಿಸ್ತದೆ. ಹೆಸರಿಗೆ ಏಳೇ ಜಾಗ ಅಂತ ಯಾರಾದರೂ ಗೆರೆ ಎಳೆದರೆ ಸಿದ್ದಮ್ಮ 'ಸಿದ್ದಮ್' ಆಗ್ತಾಳೆ. ಇದಕ್ಕೆ ಜಾವಾವನ್ನ ಬೈಯೋ ಹಾಗಿಲ್ಲ, ಗೆರೆ ಎಳೆಯೋನಿಗೆ ಒತ್ತಕ್ಷರ ಗೊತ್ತಿರಬೇಕು.

2025ರ ಸೆಪ್ಟೆಂಬರಿನ ಜಾವಾ 25ರ ಸುದ್ದಿಯೊಂದು ಮೇಷ್ಟ್ರುಗಳಿಗೆ ಬೇಕಾದದ್ದು. ಇಷ್ಟು ವರ್ಷ ಜಾವಾದ ಮೊದಲನೇ ಪಾಠವೇ ಒಂದು ಮಂತ್ರ: ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್. ಅರ್ಥ ಕೇಳಬೇಡ, ಬಾಯಿಪಾಠ ಮಾಡು, ಮುಂದೆ ತಿಳೀತದೆ ಅಂತ ಹೇಳಿಯೇ ನಮಗೂ ಕಲಿಸಿದ್ದು. ಎಷ್ಟು ಜನ ಆ ಹೊಸ್ತಿಲಲ್ಲೇ ಎಡವಿ ವಾಪಸು ಹೋದರೋ. 512ನೇ ನಂಬರಿನ ಅರ್ಜಿ, ನಾಲ್ಕು ಸಲ ಪರೀಕ್ಷೆಯಾಗಿ, ಆ ಮಂತ್ರವನ್ನ ತೆಗೆದುಹಾಕಿತು. ಈಗ ಮೇನ್ ಅಂತ ಶುರು ಮಾಡಿ, ಒಳಗೆ ಒಂದು ಸಾಲು ಬರೆದರೆ ಅದೇ ಪೂರ್ತಿ ಪ್ರೋಗ್ರಾಮು. ಹೆಸರುಗಳನ್ನೂ ಕನ್ನಡದಲ್ಲೇ ಇಡಬಹುದು, ಇದು ಮೊದಲಿನಿಂದಲೂ ಆಗ್ತಿತ್ತು, ಯಾರೂ ಹೇಳ್ತಿರಲಿಲ್ಲ ಅಷ್ಟೆ.

ನಮ್ಮ ಜೊತೆ ಓದಿದವನೊಬ್ಬ ಹಳ್ಳಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅವನಿಗೆ ಈ ಸುದ್ದಿ ಕಳಿಸಿದೆವು. ಇರೋ ಒಂದು ವಿಂಡೋಸ್ ಕಂಪ್ಯೂಟರಿನಲ್ಲಿ ಜಾವಾ 25 ಹಾಕಿಕೊಂಡು, 'ಅಂಕ' ಅಂತ ಹೆಸರಿಟ್ಟು ಅದರಲ್ಲಿ 35 ತುಂಬಿ, 'ಪಾಸು' ಅಂತ ಬರೆಸೋಕೆ ನೋಡಿದ್ದಾನೆ. ಕಪ್ಪು ಕಿಟಕಿಯಲ್ಲಿ ಮತ್ತೆ ಪ್ರಶ್ನಾರ್ಥಕ ಚಿಹ್ನೆ. ಫೋನ್ ಮಾಡಿದ: 'ಏನ್ರಯ್ಯಾ, ಎಲ್ಲಾ ಸರಿ ಹೋಗಿದೆ ಅಂದ್ರಿ?' 400ನೇ ಅರ್ಜಿ ಫೈಲಿಗೆ ಸಂಬಂಧಪಟ್ಟದ್ದು, ಆ ಕಪ್ಪು ಕಿಟಕಿ ತನ್ನದೇ ಪದ್ಧತಿ ಹಿಡೀತದೆ, ಅದರಲ್ಲಿ ಕೋಡ್‌ಪೇಜ್ 65001 ಅಂತ ಬದಲಾಯಿಸು ಅಂದೆವು. ಬದಲಾಯಿಸಿದ. ಪ್ರಶ್ನೆಗಳು ಹೋಗಿ ಚೌಕಗಳು ಬಂದವು. ಆ ಕಿಟಕಿಗೆ ಕನ್ನಡದ ಫಾಂಟು ಇಲ್ಲ. ಕೊನೆಗೆ ಕಿಟಕಿ ಬಿಟ್ಟು ಫೈಲಿಗೆ ಬರೆಸಿ ನೋಟ್‌ಪ್ಯಾಡಿನಲ್ಲಿ ತೆಗೆದ. 'ಪಾಸು' ಅಂತ ಸರಿಯಾಗಿ ಬಂತು. ಹುಡುಗರು ತಮ್ಮ ತಮ್ಮ ಹೆಸರು ಹಾಕಿಸಿಕೊಂಡು ನೋಡಿದರಂತೆ, ಒತ್ತಕ್ಷರ ಇದ್ದವರದೆಲ್ಲ ಮೊದಲು. ಆ ಕಪ್ಪು ಕಿಟಕಿಗೆ ಕನ್ನಡ ಕೊಡಿ ಅಂತ ಯಾರಿಗೆ ಅರ್ಜಿ ಹಾಕಬೇಕು ಅಂತ ಅವನು ಕೇಳಿದ್ದಾನೆ. ಅದು ಜಾವಾದವರ ಕೈಯಲ್ಲಿಲ್ಲ, ಮೈಕ್ರೋಸಾಫ್ಟಿನವರದು. ಬರೋ ಭಾನುವಾರ ಅದನ್ನ ಓದೋ ಸರದಿ ಸ್ಪ್ರಿಂಗ್ ನೋಡೋನಿಗೆ ಬಿದ್ದಿದೆ.